ಮೂರು ಸಲ ಇಟ್ಟ ಫೋನು

ಬ್ಯಾಂಕುಗಳ ಇತಿಹಾಸ ಬರೆಯುವವರು ಶಾಖೆ ತೆರೆದವರನ್ನು ನೆನೆಯುತ್ತಾರೆ, ಠೇವಣಿ ತಂದವರನ್ನು ನೆನೆಯುತ್ತಾರೆ. ಆಗಬೇಕಾಗಿದ್ದ ಕಳ್ಳತನವನ್ನು ಆಗದಂತೆ ತಡೆದವರು ಯಾರೆಂದು ಎಲ್ಲೂ ಬರೆದಿಡುವುದಿಲ್ಲ. ಮೂವತ್ತೈದು ವರ್ಷ ನಮ್ಮ ಬ್ಯಾಂಕಿನಲ್ಲಿ ದುಡಿದು, ಅದರಲ್ಲಿ ಇಪ್ಪತ್ತೆಂಟು ವರ್ಷ ಗಣಕ ಸುರಕ್ಷತೆಯ ಹೊಣೆ ಹೊತ್ತು, ಕಳೆದ ತಿಂಗಳ ಕೊನೆಯ ದಿನ ನಿವೃತ್ತರಾದ ನಮ್ಮ ಮೇಡಂ ಅಂಥವರಲ್ಲಿ ಮೊದಲ ಸಾಲಿನವರು. ಸಿಬ್ಬಂದಿಯೂ ಗ್ರಾಹಕರೂ ಅವರ ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದುದು 'ಫೋನಿಡಿ ಮೇಡಂ' ಎಂದು. ಇಂಥ ಗೌರವದ ಸಂಪುಟದಲ್ಲಿ ಅಡ್ಡಹೆಸರು ಬೇಡವೆಂದು ಸಂಪಾದಕರು ಮುಖ ಸಿಂಡರಿಸಿದ್ದರಿಂದ ನಾನು ಮೇಡಂ ಅವರನ್ನೇ ಕೇಳಿದೆ. "ಬರಿ, ಬರಿ. ಅದನ್ನ ಓದಿ ಒಬ್ಬರು ಫೋನ್ ಇಟ್ಟರೂ ಲಾಭವೇ" ಅಂದರು.

ಅವರು ಸೇರಿದ್ದು ಬೆರಳಚ್ಚುಗಾರ್ತಿಯಾಗಿ. ನಾಲ್ಕು ಗಣಕಗಳು ಬಂದು, ಅವುಗಳಿಗಾಗಿಯೇ ಒಂದು ಕೋಣೆಗೆ ಗಾಜಿನ ಬಾಗಿಲು ಹಾಕಿಸಿ, ಒಳಗೆ ಹೋಗುವವರು ಚಪ್ಪಲಿ ಬಿಡಬೇಕೆಂದು ಫಲಕ ತೂಗುಹಾಕಿದ್ದ ಕಾಲ ಅದು. ಧೂಳನ್ನು ಹೊರಗಿಟ್ಟರು, ವೈರಸ್ಸನ್ನು ಯಾರೋ ಜೇಬಿನಲ್ಲಿಟ್ಟುಕೊಂಡು ಒಳಗೆ ತಂದರು. ಆಟವಾಡಲು ತಂದ ಒಂದು ಫ್ಲಾಪಿಯಿಂದ ನಾಲ್ಕೂ ಗಣಕಗಳು ಕೆಟ್ಟು ಕೂತಾಗ, ಮೇಡಂ ಕೈಪಿಡಿ ಓದಿಕೊಂಡು ಎರಡು ದಿನ ಒಂದೊಂದನ್ನೇ ಶುಚಿ ಮಾಡಿದರಂತೆ. ಫ್ಲಾಪಿ ತಂದವರು ಯಾರೆಂದು ವಿಚಾರಿಸಲು ಹೊರಟ ವ್ಯವಸ್ಥಾಪಕರಿಗೆ ಅವರು ಹೇಳಿದ್ದಿಷ್ಟೇ: "ಇವತ್ತು ಬೈದ್ರೆ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ ಸಾರ್." ಮರುದಿನ ಹಿರಿಯ ಕ್ಯಾಷಿಯರ್ ಒಬ್ಬರು ತಾವಾಗಿಯೇ ಬಂದು ಒಪ್ಪಿಕೊಂಡರು. ಆ ಕ್ಯಾಷಿಯರ್ ಬದುಕಿದ್ದಷ್ಟು ಕಾಲವೂ ಈ ಕಥೆಯನ್ನು ಪ್ರತಿ ಹೊಸಬರಿಗೂ ತಪ್ಪದೇ ಹೇಳುತ್ತಿದ್ದರು.

ನಾನು ಈ ವಿಭಾಗಕ್ಕೆ ಬಂದದ್ದು ಹದಿನಾಲ್ಕು ವರ್ಷದ ಹಿಂದೆ. ಮೊದಲ ಆರು ತಿಂಗಳು ಮೇಡಂ ನನಗೆ ಸ್ವಲ್ಪವೂ ಹಿಡಿಸಲಿಲ್ಲ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸೋಮವಾರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಮೊದಲು ಪ್ರತಿ ಗಣಕದಲ್ಲೂ ಆಂಟಿವೈರಸ್ ಹೊಸದಾಗಿರಬೇಕು. ಆಗಿದೆಯೆಂದು ನಾನು ಹೇಳಿದರೆ ಸಾಲದು, ಅವರೇ ಬಂದು ಕನ್ನಡಕ ಮೇಲೆತ್ತಿ ಪರದೆಯ ಮೂಲೆ ನೋಡಬೇಕು. ಹೊರಗೆ ಜನ ಸಾಲುಗಟ್ಟಿ ನಿಂತು ನಮ್ಮ ಏಳು ತಲೆಮಾರನ್ನೂ ನೆನೆಯುತ್ತಿದ್ದರು. ಒಂದು ದಿನ ನಾನು ಸಿಡುಕಿ, "ಇಷ್ಟೆಲ್ಲ ಮಾಡಿದ ಮೇಲೆ ಇನ್ಯಾತರ ಭಯ ಮೇಡಂ?" ಅಂದೆ. "ಇದು ಬೀಗ ನೋಡಮ್ಮ, ಅಷ್ಟೇ. ಒಳಗಿರೋರೇ ಎದ್ದು ಹೋಗಿ ಬಾಗಿಲು ತೆಗೆದ್ರೆ ಬೀಗ ಪಾಪ ಏನು ಮಾಡುತ್ತೆ?" ಅಂದರು.

ಆ ಒಳಗಿರುವವರಿಗಾಗಿ ಅವರು ಬರೆದದ್ದೇ ನಮ್ಮ ಬ್ಯಾಂಕಿನ ಹಳದಿ ಸೂಚನಾಪತ್ರ. ಅದರಲ್ಲಿದ್ದದ್ದು ಮೂರೇ ಸಾಲು. ಪಾಸ್‌ವರ್ಡ್, ಒಟಿಪಿ ಯಾರಿಗೂ ಹೇಳಬೇಡಿ ಎಂಬುದು ಮೊದಲನೆಯದು. ಆಂಟಿವೈರಸ್ ಹಳತಾಗಲು ಬಿಡಬೇಡಿ ಎಂಬುದು ಎರಡನೆಯದು. ಮೂರನೆಯದು, ಅವರಿಗೆ ಅಡ್ಡಹೆಸರು ತಂದದ್ದು: 'ಬ್ಯಾಂಕಿನವರೆಂದು ಯಾರಾದರೂ ಫೋನ್ ಮಾಡಿದರೆ ಫೋನ್ ಇಡಿ, ನೀವೇ ಮಾಡಿದ ಫೋನಿನಲ್ಲಿ ಮಾತ್ರ ಮಾತಾಡಿ.' ಗ್ರಾಹಕರಿಗೆ ತಾವೇ ಫೋನ್ ಮಾಡಬೇಕಾಗಿ ಬಂದರೂ ಮೇಡಂ ಮೊದಲು ಹೇಳುತ್ತಿದ್ದುದು, "ನನ್ನನ್ನ ನಂಬಬೇಡಿ, ಫೋನ್ ಇಟ್ಟು ನೀವೇ ಬ್ಯಾಂಕಿಗೆ ಮಾಡಿ" ಎಂದು. ಈ ಮೂರನೆಯ ಸಾಲನ್ನು ನಾನು ನನ್ನ ತಾಯಿಗೆ ಮಗ್ಗಿಯಂತೆ ಉರು ಹೊಡೆಸಿದ್ದೆ.

ನನ್ನ ತಾಯಿ ಹೊಲಿಗೆಯವರು. ನಮ್ಮ ಮೊದಲ ಮಹಡಿಯ ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷ ಯಂತ್ರ ತುಳಿದು, ಕೆಳಗಿನ ಬೀದಿಯಲ್ಲಿ ಸ್ವಂತದ್ದೊಂದು ಅಂಗಡಿ ಹಿಡಿಯಬೇಕೆಂದು ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟಿದ್ದರು. ಒಂದಿಷ್ಟು ನಮ್ಮ ಬ್ಯಾಂಕಿನಲ್ಲಿ, ಹೆಚ್ಚಿನದು ಇನ್ನೊಂದು ಬ್ಯಾಂಕಿನಲ್ಲಿ; ಎಲ್ಲವನ್ನೂ ಒಂದೇ ಕಡೆ ಇಡಬಾರದೆಂಬುದು ಅವರದೇ ಲೆಕ್ಕ. ಒಂಬತ್ತು ವರ್ಷದ ಹಿಂದೆ, ಒಂದು ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅವರು ಕಾಲರಿನ ಹೊಸ ಮಾದರಿಗಳನ್ನು ಗಣಕದಲ್ಲಿ ನೋಡುತ್ತಿದ್ದಾಗ ಪರದೆ ತುಂಬ ಕೆಂಪಾಗಿ ಒಂದು ಎಚ್ಚರಿಕೆ ಮೂಡಿತು. ನಿಮ್ಮ ಗಣಕದಲ್ಲಿ ಹದಿನಾಲ್ಕು ವೈರಸ್ ಇವೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂದಿತ್ತು. ಅಮ್ಮ ಮೊಬೈಲಿನಿಂದ ಫೋನ್ ಮಾಡಿದರು. ಅವರೇ ಮಾಡಿದ ಫೋನು ತಾನೇ? ಸೂಚನಾಪತ್ರ ಹೇಳಿದ್ದೂ ಅದನ್ನೇ. ಆ ಕಡೆಯವನು ಬಹಳ ವಿನಯದಿಂದ, ವೈರಸ್ ತೆಗೆಯುವುದೆಂದು ಒಂದು ತಂತ್ರಾಂಶ ಹಾಕಿಸಿ, ಅದರ ಮೂಲಕ ಇಡೀ ಗಣಕವನ್ನು ತನ್ನ ಕೈಗೆ ತೆಗೆದುಕೊಂಡ. ಪಾಸ್‌ವರ್ಡ್, ಒಟಿಪಿ ಹೇಳಿ ಎನ್ನಲಿಲ್ಲ; ಖಾತೆಗೂ ವೈರಸ್ ತಗುಲಿದೆಯೇ ನೋಡೋಣವೆಂದು ಅವನ್ನು ಅಮ್ಮನ ಕೈಯಿಂದಲೇ ಪರದೆಯಲ್ಲಿ ಒತ್ತಿಸಿದ. ನಾವು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರ ಕಸುಬು ಅದು.

ಬ್ಯಾಂಕಿನಲ್ಲಿ ಮೇಡಂ ಅವರ ಪರದೆಯ ಮೇಲೆ ಅಮ್ಮನ ಖಾತೆಯಿಂದ ಅಪರಿಚಿತ ಖಾತೆಯೊಂದಕ್ಕೆ ಹಣ ಹೋದ ಸುಳಿವು ಬಂತು. ಅವರು ಖಾತೆಯನ್ನು ನಿಲ್ಲಿಸಿ ನನಗೆ ಫೋನ್ ಮಾಡಿದರು. ನಾನು ಇನ್ನೊಂದು ಶಾಖೆಯ ಸರ್ವರ್ ಕೋಣೆಯಲ್ಲಿ ಆಂಟಿವೈರಸ್ ಹಾಕುತ್ತ ಕೂತಿದ್ದೆ. ಆ ಕೋಣೆಗೆ ಮೊಬೈಲ್ ಒಯ್ಯಬಾರದೆಂಬುದು ಅವರದೇ ನಿಯಮ. ಆಮೇಲೆ ನಮ್ಮ ಮನೆಯ ಸ್ಥಿರ ದೂರವಾಣಿಗೆ ಮಾಡಿದರು. "ಬ್ಯಾಂಕಿನವರು ಅಂತ ಫೋನ್ ಮಾಡೋರನ್ನ ನಂಬಬಾರದು ಅಂತ ನನ್ನ ಮಗಳು ಹೇಳಿದ್ದಾಳೆ" ಎಂದು ಅಮ್ಮ ಮುಂದಿನದನ್ನು ಕೇಳದೆ ಇಟ್ಟರು. ಎರಡನೆಯ ಸಲ ಮಾಡಿದಾಗ, "ವೈರಸ್ ತೆಗೆಯೋರು ಈಗಾಗಲೇ ಕೆಲಸ ಮಾಡ್ತಿದ್ದಾರೆ, ಎರಡೂ ಬ್ಯಾಂಕಿಂದು ಅವರೇ ಸರಿ ಮಾಡಿಕೊಡ್ತಾರೆ" ಎಂದು ಇಟ್ಟರು. ಮೂರನೆಯ ಸಲ ಏನೂ ಹೇಳದೆ ಇಟ್ಟರು.

ಇನ್ನೊಂದು ಬ್ಯಾಂಕಿನ ಖಾತೆಯನ್ನು ನಿಲ್ಲಿಸುವ ಅಧಿಕಾರ ಮೇಡಂ ಅವರಿಗಿರಲಿಲ್ಲ. ಮೊಣಕಾಲು ನೋವಿನ ಅವರು, ಬಸ್ಸಿಗೂ ಕಾಯದೆ, ಐದು ಬೀದಿ ದಾಟಿ ನಮ್ಮ ಮನೆಗೆ ಬಂದು ಬಾಗಿಲು ಬಡಿದು, ಆ ಹೊತ್ತಿನಲ್ಲಿ ಹೇಳಬಾರದ ಮಾತನ್ನೇ ಹೇಳಿದರು: "ಬ್ಯಾಂಕಿನಿಂದ ಬಂದಿದ್ದೀನಿ." ಒಳಗಿನಿಂದ ಅಮ್ಮ, "ಈಗ ಮನೆಗೇ ಬಂದ್ರಾ? ಪೊಲೀಸರನ್ನ ಕರೀತೀನಿ ನೋಡಿ!" ಎಂದು ಗದರಿದರು. ಮೇಡಂ ಮತ್ತೆ ಬಾಗಿಲು ಬಡಿಯಲಿಲ್ಲ. ಮೆಟ್ಟಿಲಿಳಿದು ಹೋಗಿ, ಕೆಳಗಿನ ಮೀಟರ್ ಹಲಗೆಯಲ್ಲಿ ನಮ್ಮ ಮನೆಯ ಸಂಖ್ಯೆ ಹುಡುಕಿ, ಫ್ಯೂಸ್ ಕಿತ್ತರು.

ಫ್ಯಾನು ನಿಂತಿತು, ಪರದೆ ಕಪ್ಪಾಯಿತು, ಇಂಟರ್ನೆಟ್ಟಿನ ಪೆಟ್ಟಿಗೆಯ ದೀಪ ಆರಿತು. ಇನ್ನೊಂದು ಬ್ಯಾಂಕಿನ ಪಾಸ್‌ವರ್ಡಿನ ಅರ್ಧವನ್ನಷ್ಟೇ ಅಮ್ಮ ಒತ್ತಿದ್ದರಂತೆ. ಕಿವಿಗೆ ಮೊಬೈಲ್ ಹಿಡಿದುಕೊಂಡೇ ಕೆಳಗಿಳಿದು ಬಂದವರಿಗೆ ಕಂಡದ್ದು, ಕೈಯಲ್ಲಿ ಫ್ಯೂಸ್ ಹಿಡಿದು ಏದುಸಿರು ಬಿಡುತ್ತ ನಿಂತಿದ್ದ ಅಪರಿಚಿತ ಹೆಂಗಸು.

"ಯಾರಮ್ಮ ನೀನು? ನಮ್ಮನೆ ಕರೆಂಟ್ ಯಾಕೆ ತೆಗೆದೆ?"

"ನಿಮ್ಮ ಮಗಳ ಜೊತೆ ಕೆಲಸ ಮಾಡೋಳು. ನನ್ನನ್ನ ನಂಬಬೇಡಿ ಅಮ್ಮ. ಅವನನ್ನೂ ನಂಬಬೇಡಿ. ಪಾಸ್‌ಬುಕ್ಕಿನ ಹಿಂದೆ ನಂಬರ್ ಇದೆ, ಅದಕ್ಕೆ ಮಾಡಿ ನನ್ನ ಬಗ್ಗೆ ಕೇಳಿ. ಅಲ್ಲಿವರೆಗೂ ನಾನಿಲ್ಲೇ ಕೂತಿರ್ತೀನಿ."

ಹಾಗೆಂದು ಅವರು ಮೆಟ್ಟಿಲ ಮೇಲೆ ಕೂತೇಬಿಟ್ಟರು. ಅಮ್ಮ ಮೇಲೆ ಹೋಗಿ ಸ್ಥಿರ ದೂರವಾಣಿಯಿಂದ ಬ್ಯಾಂಕಿಗೆ ಫೋನ್ ಮಾಡಿದರು. "ಕನ್ನಡಕಕ್ಕೆ ಕಪ್ಪು ದಾರ ಇದೆಯಾ? ಎಡಗಾಲು ಎಳೀತಾರಾ? ಹಾಗಾದ್ರೆ ನಮ್ಮ ಮೇಡಮ್ಮೇ, ಮೊದಲು ನೀರು ಕೊಡಿ" ಎಂದರಂತೆ ನಮ್ಮ ದೂರವಾಣಿಯ ಸಹಾಯಕಿ. ಅಂಗಡಿಯ ಹಣ ಉಳಿಯಿತು. ನಮ್ಮ ಬ್ಯಾಂಕಿನಿಂದ ಮೊದಲು ಹೋದದ್ದು ಮಾತ್ರ ಹೋಗಿತ್ತು.

ಸಂಜೆ ಮನೆಗೆ ಬಂದ ನಾನು ಅಮ್ಮನ ಮೇಲೆ ರೇಗಾಡಿದೆ. ಊರಿಗೆಲ್ಲ ಬುದ್ಧಿ ಹೇಳುವವಳ ತಾಯಿಯೇ ಹೀಗೆ ಮಾಡಿದರೆ ನಾನು ಯಾವ ಮುಖ ಹೊತ್ತು ಆಫೀಸಿಗೆ ಹೋಗಲಿ ಎಂದೆ. ಆ ಮಾತು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಅಮ್ಮ ಗಣಕಕ್ಕೆ ಬಟ್ಟೆ ಹೊದಿಸಿದರು, ಫೋನ್ ಬಂದರೆ ಎತ್ತುವುದನ್ನು ಬಿಟ್ಟರು, ಅಂಗಡಿಯ ಮಾತೇ ಆಡಲಿಲ್ಲ. ಮರುದಿನ ನಾನು ಮೇಡಂ ಎದುರು ಕ್ಷಮೆ ಕೇಳಲು ನಿಂತಾಗ ಅವರು ನನ್ನನ್ನು ಕೂರಿಸಿ, ನಾನೆಂದೂ ಕೇಳದಿದ್ದ ಗಡಸು ದನಿಯಲ್ಲಿ ಹೇಳಿದರು: "ನಿಮ್ಮಮ್ಮ ಪಾಠ ಮರೆತಿಲ್ಲ. ಅಕ್ಷರ ಬಿಡದೆ ಪಾಲಿಸಿದ್ದಾರೆ. ಪಾಠವೇ ಅರ್ಧ ಇತ್ತು. ಯಾವ ನಂಬರಿಗೆ ಮಾಡಬೇಕು ಅಂತ ನಾನು ಬರೆದೇ ಇರಲಿಲ್ಲ."

ಆ ವಾರವೇ ಅವರು ಶಾಖೆ ಶಾಖೆಗೂ ಖುದ್ದಾಗಿ ಹೋಗಿ ಹಳದಿ ಸೂಚನಾಪತ್ರಗಳನ್ನೆಲ್ಲ ವಾಪಸು ತಂದರು. ಹೊಸ ಮೂರನೆಯ ಸಾಲಿನ ಕರಡು ಹಿಡಿದು ನಮ್ಮ ಮನೆಗೇ ಬಂದು ಅಮ್ಮನ ಪಕ್ಕ ಕೂತು, "ನಿಮಗೆ ಅವತ್ತು ಇದು ಸಿಕ್ಕಿದ್ರೆ ಅರ್ಥ ಆಗ್ತಿತ್ತಾ ಹೇಳಿ" ಎಂದು ಕೇಳಿದರು. ಅಮ್ಮ ಎರಡು ದಿನ ಇಟ್ಟುಕೊಂಡು ತಿದ್ದಿಕೊಟ್ಟರು. 'ಪರದೆಯ ಮೇಲೆ ಬಂದ ನಂಬರಿಗೆ ಮಾಡಬೇಡಿ, ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ಮಾಡಿ' ಎಂಬ ಇಂದಿನ ಸಾಲು ನನ್ನ ತಾಯಿಯದು. ಅದು ಅಚ್ಚಾಗಿ ಬಂದ ದಿನ ಗಣಕದ ಮೇಲಿನ ಬಟ್ಟೆ ಸರಿಯಿತು. ಮೂರು ತಿಂಗಳಲ್ಲಿ ಕೆಳಗಿನ ಬೀದಿಯಲ್ಲಿ ಅಂಗಡಿಯೂ ತೆರೆಯಿತು.

ನಮ್ಮ ಬ್ಯಾಂಕಿನಿಂದ ಹೋದ ಹಣವನ್ನು ಆಮೇಲೆ ಬ್ಯಾಂಕೇ ಅಮ್ಮನಿಗೆ ತುಂಬಿಕೊಟ್ಟಿತ್ತು. ಯಾಕೆಂದು ನಾನು ಯೋಚಿಸಿರಲಿಲ್ಲ. ಬ್ಯಾಂಕಿನ ದೊಡ್ಡತನ ಎಂದುಕೊಂಡಿದ್ದೆ. ಈ ಲೇಖನಕ್ಕಾಗಿ ಹಳೆಯ ಕಡತ ತೆಗೆದಾಗ ಆ ಪ್ರಕರಣದ ವರದಿ ಸಿಕ್ಕಿತು. ಕಾರಣದ ಜಾಗದಲ್ಲಿ ವ್ಯವಸ್ಥಾಪಕರು 'ಗ್ರಾಹಕರ ಅಜಾಗರೂಕತೆ' ಎಂದು ಬರೆಸಿದ್ದರು. ಹಾಗೆಯೇ ಉಳಿದಿದ್ದರೆ ಬಿಡಿಗಾಸೂ ಬರುತ್ತಿರಲಿಲ್ಲ. ಅದನ್ನು ಹೊಡೆದುಹಾಕಿ, ನೀಲಿ ಶಾಯಿಯಲ್ಲಿ, ನನಗೆ ಚೆನ್ನಾಗಿ ಗೊತ್ತಿರುವ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: 'ಬ್ಯಾಂಕಿನ ಸೂಚನಾಪತ್ರದ ಮೂರನೆಯ ಸಾಲು ಅಪೂರ್ಣವಾಗಿತ್ತು. ಗ್ರಾಹಕರು ಅದನ್ನು ಪಾಲಿಸಿದ್ದರಿಂದಲೇ ನಷ್ಟವಾಗಿದೆ. ಬರೆದವಳು ನಾನು.' ಅದರ ಮುಂದಿನ ಪುಟದಲ್ಲಿ ಒಂದು ಆದೇಶವಿತ್ತು. ಈ ಲೋಪದ ಕಾರಣ ಮೇಡಂ ಅವರನ್ನು ವಿಭಾಗದ ಮುಖ್ಯಸ್ಥರ ಹುದ್ದೆಗೆ ಪರಿಗಣಿಸಬಾರದು ಎಂದು. ಅವರಿಗಿಂತ ಕಿರಿಯರಾದ ಮೂವರು ಆ ಕುರ್ಚಿಯಲ್ಲಿ ಒಬ್ಬರಾದ ಮೇಲೊಬ್ಬರು ಕೂತದ್ದನ್ನು ನಾನು ನೋಡಿದ್ದೇನೆ, ಮೇಡಂ ಅವರಿಗೆ ಮಹತ್ವಾಕಾಂಕ್ಷೆ ಇಲ್ಲವೆಂದು ತಮಾಷೆಯನ್ನೂ ಮಾಡಿದ್ದೇನೆ. ಒಂಬತ್ತು ವರ್ಷ ಎದುರು ಮೇಜಿನಲ್ಲೇ ಕೂತಿದ್ದವರು ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ.

ಅಂಗಡಿಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಹೊಲಿಯುತ್ತಿದ್ದ ತೋಳನ್ನು ಕೊನೆಯವರೆಗೂ ಹೊಲಿದು, ದಾರ ಕತ್ತರಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಅದೇ ಹೊತ್ತಿಗೆ ಅಂಗಡಿಯ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಆ ಕಡೆಯ ದನಿ, ನಾನು ಬ್ಯಾಂಕಿನ ಮೇಡಂ, ಆಫೀಸಿನ ಫೋನ್ ವಾಪಸು ಕೊಟ್ಟಾಯಿತು, ಇದು ಹೊಸ ನಂಬರು ಎನ್ನುತ್ತಿತ್ತು. ನನಗೂ ಕೇಳಿಸಿತು, ದನಿ ಅವರದೇ.

"ಫೋನ್ ಇಡಿ. ನಾನೇ ಮಾಡ್ತೀನಿ" ಎಂದು ಅಮ್ಮ ಇಟ್ಟರು.

ಪಾಸ್‌ಬುಕ್ಕಿನ ಹೊದಿಕೆಯ ಒಳಗೆ, ಅವತ್ತು ಮೆಟ್ಟಿಲ ಮೇಲೆ ಕೂತು ಮೇಡಂ ತಮ್ಮ ಕೈಯಾರೆ ಬರೆದುಕೊಟ್ಟಿದ್ದ ಅವರ ಮನೆಯ ನಂಬರ್ ಇತ್ತು. ಅಮ್ಮ ಒಂದೊಂದೇ ಅಂಕಿ ಬಾಯಲ್ಲಿ ಹೇಳಿಕೊಂಡು ಒತ್ತಿದರು. ಮೇಡಂ ಎತ್ತಿದರು, ನಗುತ್ತಿದ್ದರು.

ಮೇಡಂ ಅವರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ, ನಮ್ಮ ತಪ್ಪುಗಳನ್ನು ತಿದ್ದುವ ಅವರ ನೀಲಿ ಶಾಯಿ ಬತ್ತದಿರಲಿ ಎಂದು ಬರೆದು ಮುಗಿಸಬೇಕೆಂದು ಅಂಗಡಿಗೆ ಹೊರಡುವಾಗ ಅಂದುಕೊಂಡಿದ್ದೆ. ಅದನ್ನು ಈಗಲೂ ಮನಸಾರೆ ಹಾರೈಸುತ್ತೇನೆ. ಆದರೆ ನಮ್ಮ ಮನೆಯ ಋಣದ ಮಾತನ್ನು ಆಡಬೇಕಾದವರು ಅಮ್ಮ, ಮತ್ತು ಅವರು ಎರಡೂ ಕೈಯಲ್ಲಿ ಫೋನ್ ಹಿಡಿದು ಆಡಿದ್ದು ಇಷ್ಟು:

"ಅವತ್ತು ಮೂರು ಸಲ ಇಟ್ಟೆ, ಇವತ್ತು ಒಂದು ಸಲ. ಇನ್ನು ಇಡಲ್ಲಮ್ಮ, ಮಾತಾಡು."