ಕಾಕಾರ ಎಡಪಾದ

ಬಿಸಿನೀರಿನ ಚೀಲ ಹಿಡಿದು ನನ್ನ ಅಂಗೈ ಕೆಂಪಾಗಿತ್ತು. ಆ ಚೀಲದ ಕೆಳಗಿದ್ದ ಕಾಕಾರ ಎಡಪಾದ ಮಾತ್ರ ಮಿಸುಕಲಿಲ್ಲ. ಗೋಕಾಕದ ಆಸ್ಪತ್ರೆಯಲ್ಲಿ ಯಾರನ್ನೂ ಕೇಳದೆ ನಾನೇ ಡಾಕ್ಟರಾಗಿದ್ದೆ. ನಮ್ಮ ಕಡೆ ಹಲ್ಲು ನೋವಿಗೂ ಶಾಖ, ಹೊಟ್ಟೆ ನೋವಿಗೂ ಶಾಖ. ಸೊಂಟದ ಸವೆದ ಕೀಲು ಬದಲಿಸಿದ ಮರುದಿನ ಕಾಕಾ "ಪಾದ ಜೋಮು ಹಿಡದೈತೋ" ಅಂದರೆ ನಾನು ಸುಮ್ಮನೆ ಕೂರುತ್ತೇನೆಯೇ?

"ಬಿಸಿ ಹತ್ತಾಕತ್ತೈತೇನ್ರಿ ಕಾಕಾ?"

"ಹೂಂ. ಇನ್ನಷ್ಟು ಇರಲಿ."

ಕಾಕಾ ಮಸಗುಪ್ಪಿಯಲ್ಲಿ ನಮ್ಮ ಬಾಜೂ ಮನೆಯವರು. ಊರಿನ ಅರ್ಧ ಹುಡುಗರಿಗೆ ಟ್ರ್ಯಾಕ್ಟರ್ ಕಲಿಸಿದವರು. ನಾನು ಕಬ್ಬಿನ ಟ್ರೇಲರ್ ಸಮೇತ ಕಾಲುವೆಗೆ ಇಳಿದಾಗಲೂ ಬೈದಿರಲಿಲ್ಲ. "ಕಬ್ಬಿಗೆ ಈಜು ಕಲಸಾಕತ್ತೀಯೇನು?" ಎಂದಷ್ಟೇ ಕೇಳಿದ್ದರು. ಕಬ್ಬಿನ ಹಂಗಾಮಿಗೆ ಮತ್ತೆ ಟ್ರ್ಯಾಕ್ಟರ್ ಹತ್ತಬೇಕೆಂದೇ ಅವರು ಆಪರೇಷನ್‌ಗೆ ಒಪ್ಪಿದ್ದು.

ಡಾಕ್ಟರು ಬಂದು ಕಾಕಾರ ಹೆಬ್ಬೆರಳು ಹಿಂಡಿದರು. "ಕಣ್ಣು ಮುಚ್ಚಿ ಹೇಳ್ರಿ, ಎಲ್ಲಿ ಮುಟ್ಟೇನಿ?"

"ನೀವಿನ್ನೂ ಮುಟ್ಟಿಲ್ಲಲ್ರಿ," ಅಂದರು ಕಾಕಾ.

ಡಾಕ್ಟರು ಹಿಡಿದಿದ್ದ ಬೆರಳು ಬಿಟ್ಟರು.

"ಪಾದಕ್ಕ ಹೋಗೋ ನರಕ್ಕ ಪೆಟ್ಟಾಗೇತಿ. ಈ ಆಪರೇಷನ್‌ದಾಗ ಅಪರೂಪಕ್ಕ ಹಿಂಗಾಗತೈತಿ. ಸುಧಾರಿಸಾಕ ತಿಂಗಳುಗಟ್ಟಲೆ ಬೇಕು. ಪೂರ್ತಿ ಬರತೈತಿ ಅಂತ ಮಾತು ಕೊಡಾಕ ಆಗಂಗಿಲ್ಲ." ಆಮೇಲೆ ಪಾದದ ಮೇಲೆದ್ದ ಗುಳ್ಳೆ ನೋಡಿ ಡಾಕ್ಟರು ಕೇಳಿದರು, "ಇದನ್ನ ಮಾಡಿದ ಶಾಣ್ಯಾ ಯಾರು?"

ಶಾಣ್ಯಾ ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದ. ಮುಚ್ಚಳ ಸಡಿಲವಾಗಿ ನನ್ನ ಪ್ಯಾಂಟೆಲ್ಲ ನೀರಾಗಿತ್ತು.

ಊರಿಗೆ ಬಂದ ಮೇಲೆ ಕಾಕಾ ಪಾದ ಜೋತು ಬೀಳದಂತೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು ನಡೆದರು. ಒಮ್ಮೆ ಚಪ್ಪಲಿ ಅಂಗಳದಲ್ಲೇ ಕಳಚಿ ಬಿದ್ದಿತ್ತು. ಅದು ತಿಳಿಯದೆ ಕಾಕಾ ಪಡಸಾಲೆವರೆಗೆ ಬಂದಿದ್ದರು. ಹಂಗಾಮು ಶುರುವಾದ ದಿನ ಹೇಗೋ ಟ್ರ್ಯಾಕ್ಟರ್ ಏರಿದರು. ಕ್ಲಚ್ ಮೇಲಿಟ್ಟ ಕಾಲನ್ನು ಎರಡೂ ಕೈಯಿಂದ ಎತ್ತಿ ತೆಗೆಯಬೇಕಾಯಿತು. ಎಂಜಿನ್ ಚಾಲೂ ಮಾಡದೆ ಇಳಿದುಬಿಟ್ಟರು.

ನನ್ನ ಶಾಖದಿಂದಲೇ ಕಾಲು ಸತ್ತಿತೆಂದು ಚಹಾದಂಗಡಿಯಲ್ಲಿ ಮಾತಾಯಿತು. ನಾನೂ ಅದನ್ನೇ ನಂಬಿ, ಕಾಕಾರ ಮುಂದೆ ತಲೆ ತಗ್ಗಿಸಿ ಕೂತೆ.

"ಕಾಲು ಮೊದಲ ಹೋಗಿತ್ತೋ ಮಗನ," ಅಂದರು ಕಾಕಾ. "ಆಪರೇಷನ್ ಆದ ದಿನಾನ ನನಗ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳಿದ್ರ ಖರೆ ಆಗತೈತಿ ಅಂತ ಅಂಜಿ ಜೋಮು ಅಂದ್ನಿ. ಸುಟ್ಟರ ಆದ್ರೂ ಬಿಸಿ ಗೊತ್ತಾದೀತು ಅಂತ ನಿನಗ ಇನ್ನಷ್ಟು, ಇನ್ನಷ್ಟು ಅಂತಿದ್ನಿ."