ನೇಲ್ಚೆಯಜ್ಜಿಯ ಬೀಳುಟೋಪಿ

ಹಾರ್ಲೆಮ್ ಪೇಟೆಯ ಕಾಲುವೆಗೆ ಹಾಲಿನ ದೋಣಿ ಇನ್ನೂ ಬಂದಿಲ್ಲ, ಆಗಲೇ ನೇಲ್ಚೆಯಜ್ಜಿ ಬಾಗಿಲ ಚೌಕಟ್ಟಿಗೆ ತಲೆ ಚಚ್ಚಿಕೊಳ್ಳುತ್ತಿದ್ದಾಳೆ. ಎಣಿಸಿ ಮೂರು ಸಲ. ಹೊಸಬರಾದರೆ ಗಾಬರಿಯಾಗಬೇಕು, ಬೀದಿಯವರು ಮಾತ್ರ ಇನ್ನೊಂದು ಟೋಪಿ ಮುಗಿಯಿತೆಂದುಕೊಂಡು ಕಿಟಕಿ ತೆರೆಯುತ್ತಾರೆ.

ನಡೆಯಲು ಕಲಿಯುವ ಕೂಸುಗಳಿಗೆ ಬೀಳುಟೋಪಿ ಹೊಲಿಯುವುದು ಅವಳ ಕಸುಬು. ಕೊಡ ಹೊರುವವರ ಸಿಂಬಿಯಂಥದ್ದು, ಬಿದ್ದಾಗ ಪೆಟ್ಟಾಗದಂತೆ ಹಣೆಯ ಸುತ್ತ ಕಟ್ಟುವುದು. ಹೆರಿಂಗ್ ಮೀನಿಗೆ ಹೋದ ಗಂಡ ಹಿಂದಿರುಗದ ವರ್ಷ ಸೂಜಿ ಹಿಡಿದವಳು. ಈಗ ನಲವತ್ತೊಂದು ವರ್ಷ, ವಾರಕ್ಕೆರಡು ಟೋಪಿ. ಒಂದನ್ನೂ ತನ್ನ ಹಣೆಗೆ ಕಟ್ಟಿ ಬಡಿದು ನೋಡದೆ ಕೊಟ್ಟವಳಲ್ಲ.

ಮೊದಲ ಟೋಪಿಗೆ ಬರೀ ಕುರಿಮರಿಯ ಉಣ್ಣೆ ತುಂಬಿದ್ದಳಂತೆ, ಬೆಣ್ಣೆಯಷ್ಟು ಮೆತ್ತಗೆ. ಅದನ್ನು ಕಟ್ಟಿಕೊಂಡ ಹುಡುಗಿಗೆ ಬೀಳುವುದೇ ಆಟವಾಗಿ, ಬೀರು, ಬೆಕ್ಕು, ಕೊನೆಗೆ ಪಾದ್ರಿಯ ಮೊಣಕಾಲಿಗೂ ಗುದ್ದಿದಳು. “ಮಗೂಗೆ ಟೋಪಿ ಹೊಲಿ ಅಂದ್ರೆ ಮಗೂನೇ ಟಗರು ಮಾಡಿಟ್ಟೆಯಲ್ಲೇ,” ಎಂದು ಹುಡುಗಿಯ ತಾಯಿ ಬಂದು ಜಗಳ ತೆಗೆದಳು. ಅಂದಿನಿಂದ ಉಣ್ಣೆಯ ಜೊತೆ ಒಂದು ಹಿಡಿ ಒರಟು ಕುದುರೆಕೂದಲು.

“ತಲೆ ಒಡೀಬಾರ್ದು, ಬಿದ್ದಿದ್ದು ಮಾತ್ರ ಗೊತ್ತಾಗ್ಬೇಕು,” ಎನ್ನುತ್ತಾಳೆ ಅಜ್ಜಿ. “ಗೊತ್ತಾಗ್ದಿದ್ರೆ ನಡೆಯೋದು ಹೆಂಗೆ ಕಲೀತಾವೆ?”

ಬಾಗಿಲಿನಿಂದ ಒಲೆಯವರೆಗೆ ಮೂರು ಸಲ ಬೀಳದೆ ನಡೆದ ಮಗುವಿನ ಟೋಪಿ ಅಜ್ಜಿಗೆ ಹಿಂತಿರುಗಬೇಕು, ಅದು ಬೀದಿಯ ಪದ್ಧತಿ. ರೊಟ್ಟಿ ಸುಡುವ ಡೀವರಳ ಮಗ ಯೋರಿಸ್ ಹಾಗೆ ನಡೆದು ತಿಂಗಳಾಯಿತು, ಟೋಪಿ ಬಂದಿಲ್ಲ. ಮೆಟ್ಟಿಲಿಂದ ಬಿದ್ದ ಹಿರಿಯ ಮಗುವನ್ನು ಅವಳು ಕಳೆದುಕೊಂಡವಳು. ಕೇಳಲು ಯಾರಿಗೆ ಬಾಯಿ ಬಂದೀತು? ಸಾಲದ್ದಕ್ಕೆ ಇನ್ನೂ ದಪ್ಪನೆಯದು ಬೇಕೆಂದು ಹೇಳಿಕಳಿಸಿದ್ದಾಳೆ. ಬೆಳಿಗ್ಗೆ ಮುಗಿದದ್ದು ಅದೇ.

ಅಜ್ಜಿ ತಾನೇ ಡೀವರಳ ಮನೆಗೆ ಒಯ್ಯುತ್ತಾಳೆ. ಹೊಸದು ಕಟ್ಟಲು ಹಳೆಯದನ್ನು ಬಿಚ್ಚಬೇಕಲ್ಲ ಎಂದು ಮಗುವಿನ ತಲೆಯಿಂದ ಬಿಚ್ಚಿ, ಹೊಸದರ ದಾರ ಸಿಕ್ಕಾಗಿದೆಯೆಂದು ಬಿಡಿಸುತ್ತಾ ಕೂರುತ್ತಾಳೆ. ಬಿಡಿಸುತ್ತಾಳೆ, ಬಿಡಿಸುತ್ತಾಳೆ, ಮುಗಿಯುವುದೇ ಇಲ್ಲ. ಬರಿತಲೆಯ ಯೋರಿಸ್ ಕೋಳಿಯ ಹಿಂದೆ ಹೊರಟು ಹೊಸ್ತಿಲಲ್ಲಿ ಮುಗ್ಗರಿಸುತ್ತಾನೆ.

ಡೀವರ್ ಎದ್ದಳು. ಅಜ್ಜಿ ಅವಳ ಸೊಂಟಕ್ಕೆ ಕಟ್ಟಿದ್ದ ಮುಂಬಟ್ಟೆ ಹಿಡಿದಳು.

“ನೋಡು ತಾಯಿ. ಕೈ ಊರಿದ.”

ಮಗು ಅಮ್ಮನನ್ನೊಮ್ಮೆ ನೋಡಿ, ಅಂಗೈ ಒರೆಸಿಕೊಂಡು, ಎದ್ದು ಕೋಳಿಯ ಹಿಂದೆ ನಡೆಯಿತು. ಡೀವರ್ ಅಳುತ್ತಳುತ್ತಲೇ ನಕ್ಕುಬಿಟ್ಟಳು. ಎರಡೂ ಟೋಪಿಗಳನ್ನು ತಾನೇ ಅಜ್ಜಿಯ ಮಡಿಲಿಗೆ ಹಾಕಿ, ಬಿಸಿ ರೊಟ್ಟಿಯೊಂದನ್ನು ಮೇಲಿಟ್ಟಳು.

ದಾರಿಯಲ್ಲಿ ರೊಟ್ಟಿ ಮುರಿಯುತ್ತಾ ಅಜ್ಜಿ ಹೊಸ ಟೋಪಿಯನ್ನು ತಿರುಗಿಸಿ ನೋಡುತ್ತಾಳೆ. “ನಾ ಹೊಲಿದಿದ್ರಲ್ಲಿ ಯಾವ ಮಗೂನೂ ಹಾಕ್ದೇ ಇರೋದು ಇದೊಂದೇ,” ಎನ್ನುತ್ತಾಳೆ. “ಇದೇ ಚೆನ್ನಾಗಿ ಬಂದಿರೋದು.”