ಎರಡು ದಿನ ಹೆಚ್ಚಿಗೆ

ನಾನು ವಿಮಾನ ಹತ್ತಿದ್ದು ಜೀವನದಲ್ಲಿ ಒಂದೇ ಸಲ. ಹತ್ತಿಸಿದವನು ನನ್ನ ಒಡಹುಟ್ಟಿದ ಅಣ್ಣ. ಈಗಲೂ ಯಾರಾದರೂ "ಫಾರಿನ್ ನೋಡ್ಕೊಂಡು ಬಂದಾಕಿ, ಪುಣ್ಯವಂತಿ ಬಿಡವ್ವ" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅದಕ್ಕೂ ಹಿಂದಿನ ನಾಲ್ಕು ತಿಂಗಳು ನಾನೂ ಅಣ್ಣನೂ ಸರಿಯಾಗಿ ಮಾತಾಡಿರಲಿಲ್ಲ. ಜಗಳ ಬಂಡ್ರಿ ದಾರಿಯಲ್ಲಿದ್ದ ಹೊಲದ್ದು. ಚೀನಾದವರು ಅದಿರು ಕೇಳುತ್ತಾರೆ ಅಂತ ಸಂಡೂರಿನ ಗುಡ್ಡಗಳನ್ನು ಹಗಲೂ ರಾತ್ರಿ ಕೆರೆಯುತ್ತಿದ್ದ ಕಾಲ ಅದು. ರಸ್ತೆಗೆ ಹತ್ತಿಕೊಂಡು ಹೊಲ ಇದ್ದವರು ಅದನ್ನು ಅದಿರು ಸುರಿಯುವ ಯಾರ್ಡಿಗೆ ಕೊಟ್ಟು, ನೋಡನೋಡುತ್ತ ಧಣಿಗಳಾಗಿಬಿಡುತ್ತಿದ್ದರು. ಅಣ್ಣನಿಗೂ ಆ ಹುಚ್ಚು ಹಿಡಿಯಿತು. ಹೊಲ ಅವನ ಹೆಸರಿನಲ್ಲೇ ಇತ್ತು. ಬೇಡ ಅನ್ನಲು ಕಾಗದದ ಮೇಲೆ ನನಗೇನೂ ಹಕ್ಕಿರಲಿಲ್ಲ. ಆದರೆ ಆ ಹೊಲದ ಬೇವಿನ ಮರದ ಕೆಳಗೆ ಅಪ್ಪ ಇದ್ದ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂಡಿಸಿ, ಅವರು ಬದುಕಿಡೀ ಕೊರಳಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಮಾಡುತ್ತೇವೆ. ಅಪ್ಪನ ಕೈಯಲ್ಲಿ ಲಿಂಗ ಇಟ್ಟವನು ಅಣ್ಣನೇ. ಆ ಮಣ್ಣು ಮುಟ್ಟಿ, ಪೂಜೆಗೆ ಬಂದ ಅಯ್ಯನವರ ಎದುರಿಗೆ, "ಈ ಜಾಗ ಯಾರ ಕೈಗೂ ಹೋಗಂಗಿಲ್ಲ" ಅಂದವನೂ ಅವನೇ. ನಾನು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ ಸೊಸೆಯಾಗಿ ಬಂದವಳು. ಆದರೂ ಪ್ರತಿ ಅಮಾವಾಸ್ಯೆಗೆ ಬಸ್ಸು ಬದಲಿಸಿಕೊಂಡು ಹೋಗಿ ಆ ಸಮಾಧಿಗೆ ಹೂವಿಟ್ಟು ಬರುತ್ತಿದ್ದೆ. ಯಾರ್ಡಿನ ಮಾತು ಬಂದಾಗ ಹೇಳಿಬಿಟ್ಟೆ: "ಯಾವ ಮಷಿನ್ನು ಬರ್ತೈತಿ ಬರ್ಲಿ. ನಾ ಅದರ ಮುಂದ ಕುಂದರ್ತೀನಿ."

ನಾಲ್ಕು ತಿಂಗಳು ಯಾವ ಮಷಿನ್ನೂ ಬರಲಿಲ್ಲ. ಆಮೇಲೊಂದು ದಿನ ಅಣ್ಣನೇ ಹೊಸ ಬಿಳಿ ಕಾರಿನಲ್ಲಿ ಕಂಪ್ಲಿಗೆ ಬಂದ. ನಡುಮನೆಯಲ್ಲಿ ಕೂತು, ಚಹಾ ಕುಡಿದು, "ತಪ್ಪಾತು ಬಿಡವ್ವ. ಹೊಲದ ಸುದ್ದಿ ಬ್ಯಾಡ. ನೀವು ಗಂಡ ಹೆಂಡ್ತಿ ಒಂದು ವಾರ ಬಾಲಿಗೆ ಹೋಗಿ ಬರ್ರಿ. ಖರ್ಚೆಲ್ಲಾ ನಂದೇ," ಅಂದ. ನಾನು ಅತ್ತುಬಿಟ್ಟೆ. ಸೋತವನು ಅವನು ಅಂದುಕೊಂಡು, ಗೆದ್ದವಳ ಹಾಗೆ ಅತ್ತೆ. ಎಂಥ ಪೆದ್ದಿ ನಾನು!

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವ ಹುಡುಗಿಯ ಕೈಯಲ್ಲಿದ್ದ ಯಂತ್ರ ನನ್ನ ಎದೆಯ ಹತ್ತಿರ ಕೂಗಿತು. ಲಿಂಗ ಇರುವ ಬೆಳ್ಳಿ ಕರಡಿಗೆ. ತೆಗೆದು ಟ್ರೇಯಲ್ಲಿಡಿ ಅಂದಳು. "ಮೈಯಿಂದ ತಗಿಯಂಗಿಲ್ರಿ ತಂಗೀ. ಬೇಕಾದ್ರ ಬಿಚ್ಚಿ ನೋಡ್ರಿ," ಅಂದೆ. ಹಿಂದೆ ಸಾಲು ಬೆಳೆಯಿತು. ಯಾರೋ ಲೊಚಗುಟ್ಟಿದರು. ಕೊನೆಗೆ ದೊಡ್ಡವರೊಬ್ಬರು ಬಂದು ನೋಡಿ, ಹೋಗಲಿ ಬಿಡು ಅಂದರು. ಆ ಕಡೆ ನಮ್ಮ ಮನೆಯವರು ತಮ್ಮ ಕರಡಿಗೆಯನ್ನು ಬೆಲ್ಟು, ಮೊಬೈಲಿನ ಜೊತೆ ಟ್ರೇಗೆ ಹಾಕಿ ಯಾವಾಗಲೋ ದಾಟಿ ಹೋಗಿ ನಿಂತಿದ್ದರು. ಇವರ ಗುಣ ನಾನು ಅಲ್ಲೇ ತಿಳಿದುಕೊಳ್ಳಬೇಕಿತ್ತು.

ಕಿಟಕಿಯ ಸೀಟು ನನಗೇ ಬಿಟ್ಟುಕೊಟ್ಟರು. ಕೂತ ಕೂಡಲೇ ಸೆರಗಿನಿಂದ ಗಾಜು ಒರೆಸಿದೆ. ನಮ್ಮ ಕಡೆ ಕಾರಾಗಲಿ ಬಸ್ಸಾಗಲಿ, ಕೆಂಪು ಧೂಳು ಒರೆಸದೆ ಹೊರಗಿನದು ಕಾಣುವುದಿಲ್ಲ. ಸೆರಗಿಗೆ ಏನೂ ಹತ್ತಲಿಲ್ಲ. ವಿಮಾನ ಮೇಲೆದ್ದಾಗ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನಾಲ್ಕು ಜನರ ಎದುರಿಗೆ ಗಂಡನ ಕೈ ಹಿಡಿದದ್ದು ಅದೇ ಮೊದಲು. ಅವರೂ ಬಿಡಿಸಿಕೊಳ್ಳಲಿಲ್ಲ.

ಬಾಲಿಯಲ್ಲಿ ಇಳಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಸಮುದ್ರವಲ್ಲ, ಎಲೆ. ಹೋಟೆಲಿನ ಬಾಗಿಲಲ್ಲಿದ್ದ ಗಿಡದ ಎಲೆಯೊಂದನ್ನು ಬೆರಳಿನಿಂದ ಉಜ್ಜಿ ನೋಡಿದೆ. ಕೆಂಪು ಬರಲಿಲ್ಲ. ಸಂಡೂರು ದಾರಿಯ ಗಿಡಮರಗಳು ವರ್ಷಗಟ್ಟಲೆ ಹಸಿರು ಕಂಡಿರಲಿಲ್ಲ. ನಾವು ಬಿಳಿ ಬಟ್ಟೆ ಒಣಹಾಕುವುದನ್ನೇ ಬಿಟ್ಟಿದ್ದೆವು. ಇಲ್ಲಿ ಗಾಳಿ ಮೂಗಿಗೆ ಹಸಿಯಾಗಿ, ಹೂವಿನ ವಾಸನೆ ಹೊತ್ತು ಬರುತ್ತಿತ್ತು. ಮೊದಲ ದಿನ ಮೂರು ಸಲ ಸ್ನಾನ ಮಾಡಿದೆ. ಕೊಳೆಯಾಗಿತ್ತು ಅಂತಲ್ಲ, ನೀರು ತಿಳಿಯಾಗಿಯೇ ಹರಿದು ಹೋಗುವುದನ್ನು ನೋಡುವ ಖುಷಿಗೆ.

ಮೂರನೆಯ ದಿನ ಕಾರಿನವನು ಭತ್ತದ ಗದ್ದೆಗಳ ಕಡೆ ಕರೆದುಕೊಂಡು ಹೋದ. ಕಂಪ್ಲಿಯವಳಿಗೆ ಭತ್ತ ಏನು ತೋರಿಸುತ್ತಾನೆ ಅಂತ ಮನಸ್ಸಿನಲ್ಲೇ ನಕ್ಕೆ. ಆದರೆ ಗದ್ದೆಯ ನಡುವೆ ಒಂದು ಪುಟ್ಟ ಗುಡಿ ಇತ್ತು, ಆಳೆತ್ತರದ್ದು. ಪಕ್ಕದಲ್ಲೇ ಹೊಸ ಹೋಟೆಲೊಂದು ಏಳುತ್ತಿತ್ತು. ಅದರ ಕಾಂಪೌಂಡು ಗೋಡೆ ನೆಟ್ಟಗೆ ಬಂದು, ಗುಡಿಯ ಹತ್ತಿರ ಸುತ್ತಿ ಬಳಸಿಕೊಂಡು, ಮತ್ತೆ ನೆಟ್ಟಗೆ ಹೋಗಿತ್ತು. ಯಾರ ಗುಡಿ ಅಂತ ಕೇಳಿದ್ದಕ್ಕೆ ಕಾರಿನವನು ತನಗೆ ಬರುವ ಎರಡು ಇಂಗ್ಲಿಷ್ ಮಾತಿನಲ್ಲಿ, ಬೆಳೆಯ ದೇವಿಗೆ, ಕೀಳಬಾರದು, ಅಂದ.

ಅಲ್ಲಿಗೆ ಒಬ್ಬ ಹೆಂಗಸು ತೆಂಗಿನ ಗರಿಯಲ್ಲಿ ಹೆಣೆದ, ಅಂಗೈಯಗಲದ ತಟ್ಟೆಯಲ್ಲಿ ಹೂವು, ನಾಲ್ಕು ಅಕ್ಕಿ ಕಾಳು ಇಟ್ಟುಕೊಂಡು ಬಂದಳು. ಗುಡಿಯ ಮುಂದೆ ಇಟ್ಟು, ಕೈಮುಗಿದು ಹೊರಟಳು. ನಾನು ನೋಡುತ್ತಲೇ ನಿಂತಿದ್ದನ್ನು ಕಂಡು, ಬುಟ್ಟಿಯಿಂದ ಖಾಲಿ ತಟ್ಟೆಯೊಂದನ್ನು ತೆಗೆದು ನನ್ನ ಕೈಗಿಟ್ಟಳು. ಭಾಷೆ ಇಲ್ಲ, ಏನಿಲ್ಲ. ಅಪ್ಪನಿಗೆ ಈ ಅಮಾವಾಸ್ಯೆಗೆ ಇದರಲ್ಲೇ ಹೂವಿಡಬೇಕು ಅಂದುಕೊಂಡೆ.

"ನಮ್ಮಣ್ಣಗ ಈ ಗ್ವಾಡಿ ತೋರಿಸ್ಬೇಕಿತ್ತು ನೋಡ್ರಿ," ಅಂದೆ ಗಂಡನಿಗೆ. ಅವರು ಹೋಟೆಲಿನ ಮೇಲಿನ ಮಹಡಿಯನ್ನು ನೋಡುತ್ತ, "ಬಿಸ್ಲು ಭಾಳ ಐತಿ, ನಡಿ," ಅಂದರು.

ಹೊರಡುವ ಹಿಂದಿನ ದಿನ ಅವರಿಗೊಂದು ಫೋನು ಬಂತು. ಎದ್ದು ದೂರದ ತೆಂಗಿನ ಮರದ ಹತ್ತಿರ ಹೋಗಿ ಮಾತಾಡಿ ಬಂದರು. ಬಂದವರೇ, "ಇನ್ನೆರಡು ದಿನ ಹೆಚ್ಚಿಗಿ ಇರೋಣೇನು?" ಅಂದರು. ಮದುವೆ ಮನೆಯಲ್ಲಿ ಕೈ ತೊಳೆಯುವುದರೊಳಗೆ "ಊಟ ಆತಲ್ಲ, ನಡಿ" ಅನ್ನುವ ಗಂಡಸು ಇವರು. ನನಗೆ ನಂಬಲಾಗಲಿಲ್ಲ. "ಅಮಾಸಿಗೆ ಮುಟ್ತೀವಲ್ಲ?" ಅಂತ ಮಾತ್ರ ಕೇಳಿದೆ. ಮುಟ್ಟುತ್ತೇವೆ ಅಂದರು. ಆ ಎರಡು ದಿನ ನಾನು ಸಮುದ್ರದಲ್ಲೇ ಇದ್ದೆ. ಸೀರೆ ಎತ್ತಿ ಕಟ್ಟಿಕೊಂಡು ಸಣ್ಣ ಹುಡುಗಿಯ ಹಾಗೆ ಅಲೆಗೆ ಬೆನ್ನು ಕೊಟ್ಟು ನಿಂತೆ. ಬಿದ್ದೆ, ಎದ್ದೆ, ನಕ್ಕೆ. ಅವರು ಫೋಟೋ ತೆಗೆದರು. ಈ ಮನುಷ್ಯನಿಗೂ ನನ್ನ ಮೇಲೆ ಪ್ರೀತಿ ಇದೆ, ತೋರಿಸಿಕೊಳ್ಳಲು ಬಂದಿಲ್ಲ ಅಷ್ಟೇ, ಅಂದುಕೊಂಡೆ.

ಊರಿಗೆ ಬಂದ ಮೂರನೆಯ ದಿನಕ್ಕೆ ಅಮಾವಾಸ್ಯೆ. ಗರಿಯ ತಟ್ಟೆ ಮುರಿಯದ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು, ಅಣ್ಣನಿಗೆಂದು ತಂದ ಅಂಗಿಯನ್ನೂ ಹಿಡಿದುಕೊಂಡು ತವರಿಗೆ ಹೋದೆ. ಅತ್ತಿಗೆ ನನ್ನ ಮುಖ ನೋಡದೆ ನೀರು ಕೊಟ್ಟಳು. ಅಣ್ಣ ಹಿತ್ತಲಿಗೆ ಕರೆದೊಯ್ದ. ಅಲ್ಲಿ ಮುಖ ಕಾಣುವಷ್ಟು ನುಣುಪಾದ ಕರಿಕಲ್ಲಿನ ಹೊಸ ಸಮಾಧಿ. ಅದರ ತುದಿಗೆ ಹೊಲದಲ್ಲಿದ್ದ ಹಳೆಯ ಕಲ್ಲನ್ನು ಕೂರಿಸಿದ್ದರು.

"ಅಪ್ಪನ್ನ ಮನಿಗೇ ಕರಕೊಂಡು ಬಂದೀವಿ. ಇನ್ನ ದಿನಾ ಪೂಜಿ ಆಗ್ತೈತಿ. ಅಯ್ಯನೋರ್ನ ಕರೆಸಿ ಎಲ್ಲಾ ಶಾಸ್ತ್ರ ಮಾಡೇ ಮಾಡೀವವ್ವ."

ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ. "ಲಿಂಗ ಸಿಕ್ತೇನು?"

"ಯಾವ ಲಿಂಗ?" ಅಂದ.

ತನ್ನ ಕೈಯಾರೆ ಅಪ್ಪನ ಅಂಗೈಯಲ್ಲಿಟ್ಟವನು ಹಾಗೆ ಕೇಳಿದ. ಆಮೇಲೆ ಗೊತ್ತಾಗಿ ನೆಲ ನೋಡಿದ. ಹಿತ್ತಲಿಗೆ ತಂದದ್ದು ಬರೀ ಕಲ್ಲು. ಅಪ್ಪ ಹೊಲದಲ್ಲೇ ಇದ್ದ. ಅಂಗಿಯನ್ನು ಅವನ ಹಿತ್ತಲಲ್ಲೇ ಬಿಸಾಕಿ ಹೊಲದ ಕಡೆ ನಡೆದೆ.

ಹೊಲಕ್ಕೆ ತಗಡಿನ ಬೇಲಿ, ಕಬ್ಬಿಣದ ಗೇಟು. ಒಳಗೆ ತಲೆಗಿಂತ ಎತ್ತರಕ್ಕೆ ಅದಿರಿನ ಗುಡ್ಡೆ. ಬೇವು ಎಲ್ಲಿತ್ತು ಅಂತ ಗುರುತು ಹಿಡಿಯಲೂ ಆಗಲಿಲ್ಲ. ಯಾವ ಊರಿನವನೋ ಕಾವಲುಗಾರ ಅಡ್ಡ ಬಂದು, "ಗೇಟ್ ಪಾಸ್ ಐತೇನ್ರಿ ಅಕ್ಕಾರ?" ಅಂದ. ಸಮುದ್ರ ದಾಟಲು ಬಿಟ್ಟ ಪಾಸ್‌ಪೋರ್ಟು ಇನ್ನೂ ಕೈಚೀಲದಲ್ಲೇ ಇತ್ತು. ಅಪ್ಪನ ಹತ್ತಿರ ಹೋಗಲು ನನ್ನ ಬಳಿ ಯಾವ ಚೀಟಿಯೂ ಇರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಒಂದು ಲಾರಿ ಬಂತು. ನಮ್ಮದೇ ಲಾರಿ. ಮೊದಲು ಗಿರಣಿಯ ಅಕ್ಕಿ ಹೊರುತ್ತಿದ್ದದ್ದು, ಹಣೆಯ ಮೇಲೆ ಕಂಪ್ಲಿ ಎಂದು ಬರೆದದ್ದು. ಡ್ರೈವರು ನನ್ನನ್ನು ಕಂಡು ಗಾಬರಿಯಾಗಿ ಇಳಿದ.

"ಯಾವಾಗಿಂದ ಲೋಡು ಹೊಡಿಯಾಕ ಹತ್ತೀಯೋ ಇಲ್ಲಿ?"

"ನಾಕು ದಿನ ಆತ್ರಿ ಅಕ್ಕಾರ. ಸಾವ್ಕಾರ್ರು ಫಾರಿನ್ನಿಗೆ ಹೋಗೋ ಮುಂಚೇನೇ ಹೇಳಿದ್ರು. ಇನ್ನೂ ಮೊದಲೇ ಶುರು ಆಗ್ಬೇಕಿತ್ತು. ಆ ಬೇವಿನ ಮರದ ಬೇರು ಜಗ್ಗಲೇ ಇಲ್ರಿ. ಜೆಸಿಬಿ ಬಕೆಟ್ಟಿನ ಹಲ್ಲೇ ಮುರೀತು. ಅದಕ್ಕ ಎರಡು ದಿನ ತಡ ಆತು."

ನಾನು ಬಾಗಿ, ಗೇಟಿನ ಹೊರಗೆ, ಟಯರಿನ ಗುರುತಿನ ಪಕ್ಕದಲ್ಲಿ ತಟ್ಟೆ ಇಟ್ಟೆ. ಹೂವಿಟ್ಟೆ. ಹೂವು ಕೆಂಪಾಗಲು ಒಂದು ಲಾರಿ ಸಾಕಾಯಿತು.

ಸಮುದ್ರದಲ್ಲಿ ನಾನು ನಗುತ್ತಿರುವ ಫೋಟೋಕ್ಕೆ ನಮ್ಮ ಮನೆಯವರು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಬಂದವರೆಲ್ಲ ಚೆಂದ ಬಂದಿದೆ ಅನ್ನುತ್ತಾರೆ. ಅಣ್ಣನನ್ನಾಗಲಿ ಇವರನ್ನಾಗಲಿ ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಆ ಫೋಟೋದಲ್ಲಿರುವವಳನ್ನು ನೋಡಿದರೆ ಇನ್ನೂ ಹೆಚ್ಚು ಸಂಕಟವಾಗುತ್ತದೆ. ಅಪ್ಪನ ಬೇವು ಎರಡು ದಿನ ಹಟ ಹಿಡಿದು ನಿಂತು ನನಗಾಗಿ ಕಾದಿತ್ತು. ಆ ಎರಡು ದಿನ ನಾನು ನಗುತ್ತಿದ್ದೆ.